ಕಿತ್ತುಹಾಕಿದ್ದು

ಒಂಬತ್ತನೆಯ ಕಲಮು ಹೇಳುತ್ತದೆ:
ಕರಾರು ಮುರಿಯುವುದಾದರೆ ಹದಿನಾಲ್ಕು ದಿನ ಮೊದಲು
ಬರವಣಿಗೆಯಲ್ಲಿ ತಿಳಿಸತಕ್ಕದ್ದು,
ಮಾಲೀಕರಿಬ್ಬರೂ ಸಹಿ ಹಾಕತಕ್ಕದ್ದು.
ಇಬ್ಬರೂ ಅಂದರೆ ನಾನು, ಮತ್ತೆ ಆರ್ವಿಡ್.
ಮೂರು ವರ್ಷದಿಂದ ವಕೀಲರ ಬಾಯಲ್ಲೇ ಮಾತಾಡಿದವರು.

ಫೋನು ಮಾಡಿ, "ಲೈಲ್ ಬ್ರೆಕ್ಕೆಯನ್ನು ಕಿತ್ತುಹಾಕೋಣ" ಅಂದೆ.
ಆ ಕಡೆ ಅದಿರುಕಟ್ಟೆಯ ಯಂತ್ರದ ಗೊರಗೊರ,
ಆಮೇಲೆ "ಹೂಂ."
ಯಾಕೆ ಅಂತ ಕೇಳಲಿಲ್ಲ,
ಹತ್ತೊಂಬತ್ತು ವರ್ಷ
ಕಿಟಕಿಯ ಪರದೆಯ ಬಣ್ಣಕ್ಕೂ ಪಂಚಾಯಿತಿ ಹೂಡಿದ ಮನುಷ್ಯ.

ಯಾಕೆ ಅಂದರೆ, ನಿಮಗಾದರೂ ಹೇಳುತ್ತೇನೆ.
'ಸರೋವರದ ನೋಟ' ಅಂತ ಬರೆದ ಜಾಹೀರಾತಿನಲ್ಲಿ.
ಇಲ್ಲವೆನ್ನಲಾರೆ, ಇದೆ:
ಸ್ನಾನದ ತೊಟ್ಟಿಯ ಅಂಚು ಹತ್ತಿ ನಿಂತು
ಕತ್ತನ್ನು ಎಡಕ್ಕೆ ಹೊರಳಿಸಿದರೆ,
ಅದೂ ಪಕ್ಕದವರ ಮೇಪಲ್ ಎಲೆಯುದುರಿಸಿದ ಮೇಲೆ,
ಅಂಗೈಯಗಲ ಸುಪೀರಿಯರ್.
ನೋಡಬಂದವರು ಕೋಣೆ ಕೋಣೆ ಹುಡುಕಿ
ಕೊನೆಗೆ ನನ್ನ ಮುಖ ನೋಡಿದರು.
ಫೋಟೋದಲ್ಲಿ ಕಕ್ಕಸಿನ ಮುಚ್ಚಳ ತೆರೆದೇ ಇತ್ತು.
ಅಕ್ಟೋಬರಿನಲ್ಲಿ ನನ್ನನ್ನು ಸಿಂಡಿ ಅಂದ,
ನವೆಂಬರಿನಲ್ಲಿ ಸೂಸಿ. ನಾನು ಸಿಗ್ನೆ.
ಡಿಸೆಂಬರಿನಲ್ಲಿ ಯಾರಿಗೋ ಮನೆ ತೋರಿಸಿ
ಹಿಂಬಾಗಿಲು ಎಳೆಯದೆ ಹೊರಟುಹೋದ.
ಡುಲೂತಿನ ರಾತ್ರಿ, ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ನೆಲಮಾಳಿಗೆಯ ಕೊಳಾಯಿ
ಹಣ್ಣುಸೌತೆಯ ಹಾಗೆ ಉದ್ದಕ್ಕೆ ಬಿರಿದಿತ್ತು.
ಕೇಳಿದರೆ, "ಹಳೇ ಮನೆ, ಸಿಂಡಿ. ಹಳೇ ಮನೆಗಳೇ ಹಾಗೆ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಎರಡನ್ನೂ ಬಿಟ್ಟು ನೋಡಿರಲಿಲ್ಲ ಅಂತ ಕಾಣುತ್ತದೆ.

ಗ್ರಂಥಾಲಯದ ಮೇಜಿನಲ್ಲಿ ಎದುರುಬದುರು ಕೂತೆವು.
ನಾನು ಬರೆದು ತಂದದ್ದು ಎರಡು ಪುಟ,
ಕೊಳಾಯಿ, ಕಕ್ಕಸು, ಸೂಸಿ, ಎಲ್ಲ.
ಆರ್ವಿಡ್ ಕನ್ನಡಕ ಏರಿಸಿಕೊಂಡು
ಸಾಲು ಸಾಲಾಗಿ ಹೊಡೆಯುತ್ತಾ ಬಂದ.
ನಾನೂ ಸುಮ್ಮನಿದ್ದೆ; ಅದೇ ಆಶ್ಚರ್ಯ.
ಉಳಿದದ್ದು ಇಷ್ಟು:
ಒಂಬತ್ತನೆಯ ಕಲಮಿನ ಪ್ರಕಾರ
ನಮ್ಮ ಕರಾರನ್ನು ಕೊನೆಗೊಳಿಸುತ್ತಿದ್ದೇವೆ. ಧನ್ಯವಾದಗಳು.

"ಧನ್ಯವಾದ ಯಾತಕ್ಕೆ?"
"ಮುಗಿಸುವಾಗ ಹೇಳಬೇಕು."
ನೆನಪು ಮಾಡಿಕೊಂಡೆ. ನಮ್ಮ ಕಾಗದದಲ್ಲಿ
ಆ ಮಾತು ಎಲ್ಲೂ ಇರಲಿಲ್ಲ,
ನಲವತ್ತೊಂದು ಪುಟದಲ್ಲಿ.

ಹದಿನಾಲ್ಕು ದಿನ ಕಳೆದರೂ
ಲೈಲ್ ನಮ್ಮ ಅಂಗಳದಲ್ಲೇ ನಗುತ್ತಿದ್ದ
ತಗಡಿನ ಮೇಲೆ, ಮೂವತ್ತೆರಡೂ ಹಲ್ಲು ತೋರಿಸಿ.
ಕಂಬ ನೆಲದೊಳಗೆ ಹೆಪ್ಪುಗಟ್ಟಿದೆ,
ಏಪ್ರಿಲ್ ತನಕ ಭೂಮಿ ಬಿಡುವುದಿಲ್ಲ
ಅಂದಳು ಅವನ ಕಚೇರಿಯ ಹುಡುಗಿ, ಅವಳದೇನು ತಪ್ಪು.

ಶನಿವಾರ ಆರ್ವಿಡ್ ಹಾರೆ ತಂದ. ನಾನು ಕೆಟಲು.
ಕುದಿನೀರು ಸುರಿದೆ, ಅವನು ಅಲ್ಲಾಡಿಸಿದ;
ಹೊಗೆಯೆದ್ದಿತು, ಅಷ್ಟೆ. ಸುರಿದ ನೀರೂ ಕಲ್ಲಾಗಿ
ಲೈಲನ ಕಾಲಿಗೆ ಇನ್ನೊಂದು ಬೇಡಿ.
ಎರಡನೆಯ ಕೆಟಲು. ಮೂರನೆಯದು.
"ಸುರಿಯಬೇಡ, ಗಟ್ಟಿಯಾಗ್ತಿದೆ."
"ನೀನು ಸರಿಯಾಗಿ ಹಿಡಿ ಮೊದಲು."
ಆ ಹಳೆಯ ದನಿ ಇಬ್ಬರಿಗೂ ಕೇಳಿಸಿತು.
ನಿಲ್ಲಿಸಿದೆವು.

ಆಮೇಲೆ ಅವನು ತನ್ನ ಉಣ್ಣೆಯ ಟೊಪ್ಪಿಗೆ ತೆಗೆದು
ಲೈಲನ ಮುಖದ ಮೇಲೆ ಎಳೆದ, ಗದ್ದದವರೆಗೂ.
ಹಿಮ ಗುಡಿಸುವ ಗಾಡಿಯವನು ನಿಧಾನಿಸಿ, ಗಾಜಿಳಿಸಿ,
"ಮನೆ ಮಾರಾಟಕ್ಕಿದೆಯಾ?" ಅಂದ.
"ಇದೆ" ಅಂದೆ ನಾನು.
"ಇವನ ಕೈಯಲ್ಲಲ್ಲ" ಅಂದ ಆರ್ವಿಡ್,
ಬೋಳುತಲೆಯ ಮೇಲೆ ಹಿಮ ಬೀಳಿಸಿಕೊಳ್ಳುತ್ತಾ.

ಕೆಟಲಿನ ತಳದಲ್ಲಿ ಇನ್ನೂ ಬಿಸಿಯಿತ್ತು.
ಮಾತಿಲ್ಲದೆ ಸರದಿಯ ಮೇಲೆ ಕೈ ಕಾಯಿಸಿಕೊಂಡೆವು,
ಅವನು ಒಂದಿಷ್ಟು, ನಾನು ಒಂದಿಷ್ಟು,
ಅದು ಆರುವ ತನಕ.