ನಾಲ್ಕು ಮೀಟರ್ ಇಪ್ಪತ್ತು

ಬರ್ಲಿನ್ ಮುಗಿದು ಪೈನ್ ಮರಗಳು ಶುರುವಾಗುವಲ್ಲಿ
ಒಂದು ನೆಲಮಾಳಿಗೆ. ಆರು ಡಿಗ್ರಿ ಚಳಿ.
ನೈಟ್ರೇಟ್ ಸುರುಳಿಗಳು ಉಸಿರು ಬಿಗಿಹಿಡಿದು ಮಲಗಿವೆ,
ಕಿಡಿ ತಾಗಿದರೆ ನೀರೊಳಗೂ ಉರಿಯುವ ಜಾತಿ.
ಹೆನ್ರಿಕೆ ಬರುತ್ತಾಳೆ, ಸ್ವೆಟರಿನ ಮೇಲೆ ಸ್ವೆಟರು,
ಡಬ್ಬಿ ತೆರೆದು ಮೊದಲು ಮೂಸುತ್ತಾಳೆ:
ಕಳಿತ ಹಣ್ಣಿನ ವಾಸನೆ ಬಂದರೆ ತಡವಾಯಿತು,
ಬರದಿದ್ದರೆ ಇನ್ನೂ ಒಂದಿಷ್ಟು ದಿನ.

ಅವಳು ಹುಡುಕುವ ಚಿತ್ರ ಇಲ್ಲ.
ಯಾವ ಡಬ್ಬಿಯಲ್ಲೂ ಇಲ್ಲ, ಯಾವ ದೇಶದಲ್ಲೂ.
ಇರುವುದು ಸೆನ್ಸಾರಿನವರ ಒಂದು ಚೀಟಿ,
ಇಪ್ಪತ್ತೊಂದನೆಯ ಇಸವಿಯದು, ನೇರಳೆ ಶಾಯಿ:
‘ಮೂರನೆಯ ಅಂಕ, ಏಳನೆಯ ಬರಹದ ನಂತರ,
ಗಂಡುಡುಗೆಯ ವ್ಯಕ್ತಿ ಹೂ ಮಾರುವವಳ ಕೈಗವಸನ್ನು
ಬೆರಳು ಬೆರಳಾಗಿ ಬಿಡಿಸುವುದು.
ತೆಗೆಯಬೇಕು. ಉದ್ದ: ನಾಲ್ಕು ಮೀಟರ್ ಇಪ್ಪತ್ತು.’

ತಮಾಷೆ ನೋಡಿ,
ಕಾಯಬೇಕಾದವರು ಕಳೆದರು,
ಕಡಿದವನು ಬರೆದಿಟ್ಟ.
ನಾಚಿಕೆಯ ಉದ್ದ ಅಳೆಯಲು ಕೂತ ಗುಮಾಸ್ತ
ಬೇರೆ ಯಾವುದರದೋ ಲೆಕ್ಕ ಇಟ್ಟುಹೋದ,
ಒಂದು ಸೆಂಟಿಮೀಟರೂ ತಪ್ಪದಂತೆ.

‘ವ್ಯಕ್ತಿ’ ಎಂಬಲ್ಲಿ ಹೆನ್ರಿಕೆಯ ಪೆನ್ಸಿಲ್ಲು ನಿಲ್ಲುತ್ತದೆ.
ಪಾತ್ರ ಗಂಡೇ? ನಟಿ ಗಂಡಾದಳೇ?
ಯಾವುದೂ ಆಗಬೇಕಿರದ ಒಂದು ಸಂಜೆಗೆ
ತೊಟ್ಟುಕೊಂಡ ಕೋಟೇ?
ಅವಳ ಭಾಷೆಯಲ್ಲಿ ಮೇಜು ಗಂಡು, ದೀಪ ಹೆಣ್ಣು,
ಹುಡುಗಿ ಮಾತ್ರ ನಪುಂಸಕ.
ಸೌಟು ಚಮಚಕ್ಕೂ ಒಂದು ಲಿಂಗ ಇಟ್ಟವರಿಗೆ
ಇಲ್ಲಿ ಮಾತು ತಡವರಿಸುತ್ತದೆ.
ನನ್ನ ಭಾಷೆಯಲ್ಲಾದರೆ ‘ಅವರು’ ಅಂದುಬಿಡುತ್ತೇವೆ,
ಮರ್ಯಾದೆಗೆ.
ಆ ಮರ್ಯಾದೆಯೊಳಗೆ ಎಷ್ಟು ಜಾಗವಿದೆಯೆಂದು
ಯಾರೂ ಒಳಹೊಕ್ಕು ನೋಡಿದಂತಿಲ್ಲ.

ಹಿಂದೊಬ್ಬ ಪ್ರೊಫೆಸರು ಅಂಚಿನಲ್ಲಿ ಗೀಚಿದ್ದಾರೆ: ‘ಹಾಸ್ಯಪ್ರಸಂಗ.’
ಹಾಸ್ಯಕ್ಕೆ ಕತ್ತರಿ ಯಾಕೆ ಬೇಕಾಯಿತು, ಸ್ವಾಮಿ?

ಫೆಬ್ರವರಿಯಲ್ಲಿ ಕೆಮ್ನಿಟ್ಸಿನಿಂದ ಒಂದು ಪಾರ್ಸೆಲ್ಲು.
ಡೀಟ್‌ಹೆಲ್ಮ್ ಕ್ರಾಪ್, ಗಡಿಯಾರ ರಿಪೇರಿ, ವಯಸ್ಸು ಎಂಬತ್ತೊಂದು.
(ನೈಟ್ರೇಟನ್ನು ಅಂಚೆಗೆ ಹಾಕಬಾರದು, ಪುಣ್ಯಾತ್ಮನಿಗೆ ಗೊತ್ತಿಲ್ಲ.)
‘ನನ್ನಪ್ಪನ ಸೋದರತ್ತೆ ಆಡೆಲ್‌ಗುಂಡ್
ಫಿಲ್ಮು ಕತ್ತರಿಸಿ ಅಂಟಿಸುವ ಕೆಲಸದಲ್ಲಿದ್ದರು.
ಮದುವೆಯಾಗಲಿಲ್ಲ. ಜೊತೆಗೆ ಗೆಳತಿಯೊಬ್ಬರಿದ್ದರು, ನಲವತ್ತು ವರ್ಷ.
ಇದು ಹೊಲಿಗೆಪೆಟ್ಟಿಗೆಯಲ್ಲಿ ಸಿಕ್ಕಿತು. ಬೇಡವಾದರೆ ಎಸೆಯಿರಿ.’

ಗೆಳತಿ.
ಮನೆಮಂದಿಯ ಕತ್ತರಿ ಸದ್ದೇ ಮಾಡುವುದಿಲ್ಲ.

ಕೆಮ್ಮಿನ ಗುಳಿಗೆಯ ತಗಡು ಡಬ್ಬಿ.
ಒಳಗೆ ಒಣಗಿದ ಎಲೆಯಂತೆ ಮುದುಡಿದ ಸುರುಳಿ.
ಬೆಳಕಿನ ಮೇಜಿನ ಮೇಲೆ ಬಿಡಿಸಿದರೆ
ಕೈ. ಕೈ. ಕೈ.
ಕಿರುಬೆರಳು ಬಯಲಾಯಿತು, ಉಂಗುರದ ಬೆರಳು ಅರ್ಧ.
ಇದ್ದಿಲಿನಲ್ಲಿ ಬರೆದ ಮೀಸೆ ಒಂದು ಕಡೆ ಕದಡಿದೆ,
ಅದನ್ನು ಒರೆಸಿದ ತುಟಿ ಚೀಟಿಯಲ್ಲಿಲ್ಲ.
ಹೂ ಮಾರುವವಳು ಕೈ ನೋಡುತ್ತಿಲ್ಲ,
ಮುಖ ನೋಡುತ್ತಿದ್ದಾಳೆ,
ಚಿಲ್ಲರೆ ಎಣಿಸುವುದನ್ನು ಮರೆತವಳ ಹಾಗೆ.

ಓಡಿಸಿದರೆ ಹನ್ನೆರಡು ಸೆಕೆಂಡು.
ಓಡಿಸುವಂತಿಲ್ಲ, ಅಂಚಿನ ತೂತುಗಳು ಹರಿದಿವೆ.
ಭೂತಗನ್ನಡಿ ಹಿಡಿದು ಎಣಿಸುತ್ತಾಳೆ.
ಇನ್ನೂರ ಇಪ್ಪತ್ತೊಂದು ಚೌಕ ಇರಬೇಕು,
ಇರುವುದು ಇನ್ನೂರ ಹತ್ತೊಂಬತ್ತು.
ಮತ್ತೆ ಎಣಿಸುತ್ತಾಳೆ. ಫಿಲ್ಮು ಕುಗ್ಗಬಹುದು,
ಎಣಿಕೆ ಕುಗ್ಗುವುದಿಲ್ಲ.
ಗವಸು ಪೂರ್ತಿ ಕಳಚುವ ಜಾಗದಲ್ಲಿ
ಎರಡು ಚೌಕ ಯಾರೋ ತೆಗೆದಿದ್ದಾರೆ,
ತೆಗೆದು ಮತ್ತೆ ಅಂಟಿಸಿದ್ದಾರೆ,
ಕಸುಬು ಬಲ್ಲ ಕೈ, ಬೆಸುಗೆ ಕಾಣದಷ್ಟು ನಯ.

ವರದಿಯಲ್ಲಿ ಒಂದು ವಾಕ್ಯ ಬರೆಯುತ್ತಾಳೆ, ಹೊಡೆದುಹಾಕುತ್ತಾಳೆ.
ಆಧಾರವಿಲ್ಲ.
ಬದಲಿಗೆ ಕ್ರಾಪ್‌ಗೆ ಪತ್ರ:
ಆ ಗೆಳತಿಯ ಹೆಸರೇನು?

ಮೂರು ವಾರ ಬಿಟ್ಟು ಉತ್ತರ, ನಡುಗುವ ಅಕ್ಷರ:
‘ನೆನಪಿಲ್ಲ. ನಾವು ಮಕ್ಕಳು ಇಬ್ಬರನ್ನೂ ಅತ್ತೆ ಅನ್ನುತ್ತಿದ್ದೆವು.
ಇಬ್ಬರಿಗೂ ಒಂದೇ ಬಗೆಯ ಜೇಬುಗಡಿಯಾರ.
ಒಂದು ಅವರ ಜೊತೆ ಮಣ್ಣಿಗೆ ಹೋಯಿತು.
ಇನ್ನೊಂದು ನನ್ನ ಮೇಜಿನ ಖಾನೆಯಲ್ಲಿದೆ, ನಿಂತುಹೋಗಿದೆ.
ಊರಿನ ಗಡಿಯಾರವೆಲ್ಲ ಬಿಚ್ಚಿದ್ದೇನೆ,
ಅದರ ಮುಚ್ಚಳವೊಂದನ್ನು
ಇದುವರೆಗೂ ತೆರೆದಿಲ್ಲ.’