ಐದು ಟವೆಲ್

ಮಂಗಳವಾರ, ಕಡಲಿಳಿತದ ಕೆಲಸ ಮುಗಿಸಿ ಬರುತ್ತಾರೆ,
ಅರೌಸಾ ಕೊಲ್ಲಿಯ ಕೆಸರು ಉಗುರಿನಲ್ಲಿ ಹಾಗೇ ಇರುತ್ತದೆ.
ಐಸ್ ಕಾರ್ಖಾನೆಯ ಮೇಲೆ, ಮೀನುಗಾರರ ಸಂಘದ ಹಳೇ ಕೋಣೆ.
ಬಾಗಿಲ ಬಳಿ ಒಂಬತ್ತು ಜೊತೆ ರಬ್ಬರ್ ಬೂಟು
ಒಂದಕ್ಕೊಂದು ಒರಗಿ, ಹರಟೆಗೆ ಕೂತಂತೆ.

ಪಿಲಾಟೆಸ್ ಎಂದು ಗೋಡೆಗೆ ಅಂಟಿಸಿದ್ದೆ.
ಅವರ ಬಾಯಲ್ಲಿ ಅದು "ಮಲಗುವ ಕ್ಲಾಸು."

ನಾನು ದೋಣಿ ಪಂದ್ಯದಲ್ಲಿ ಹುಟ್ಟು ಹಾಕಿ
ಸೊಂಟದ ಬಿಲ್ಲೆ ಜಾರಿಸಿಕೊಂಡವಳು;
ಹನ್ನೊಂದು ತಿಂಗಳು ಸೂರು ನೋಡಿ ನೋಡಿ
ಉಸಿರು ಎಲ್ಲಿಂದ ಹೊರಡುತ್ತದೆ ಎಂದು ಕಲಿತವಳು.
ಅಷ್ಟೇ ಬಂಡವಾಳ, ಜೊತೆಗೊಂದು ಸರ್ಟಿಫಿಕೇಟು.

ಒಬ್ದುಲಿಯಾಗೆ ಅರವತ್ತನಾಲ್ಕು.
ಹದಿಮೂರಕ್ಕೆ ಅಮ್ಮನ ಹಲುಬೆ ಹಿಡಿದು
ಕಪ್ಪೆಚಿಪ್ಪು ಕೆರೆಯಲು ಮೊಣಕಾಲುದ್ದ ನೀರಿಗೆ ಬಗ್ಗಿದವಳು
ಇನ್ನೂ ಪೂರ್ತಿ ಮೇಲೆದ್ದಿಲ್ಲ.
ಮೊದಲ ದಿನ ಚಾಪೆಯ ಮೇಲೆ ಮಲಗಿಸಿದರೆ
ತಲೆ ನೆಲ ಮುಟ್ಟಲಿಲ್ಲ,
ಗಾಳಿಯಲ್ಲೇ ನಿಂತಿತು,
ಏನನ್ನೋ ಆಲಿಸುವವಳ ಹಾಗೆ.
ಒಂದು ಟವೆಲ್ ಮಡಿಸಿ ಇಟ್ಟೆ. ಎರಡು. ಮೂರು.
ಐದನೆಯದಕ್ಕೆ ಕತ್ತು ಭಾರ ಬಿಟ್ಟಿತು.
"ಇಪ್ಪತ್ತು ವರ್ಷವಾಯಿತು ಅಂಗಾತ ಮಲಗಿ," ಅಂದಳು.
"ಗಂಡ ಇದ್ದಾಗ ಗೋಡೆಯ ಕಡೆ ಮಗ್ಗುಲು,
ಈಗ ಕಿಟಕಿಯ ಕಡೆ."
ಅಷ್ಟೆತ್ತರದಿಂದ ಅವಳಿಗೆ ಕಾಣುತ್ತಿದ್ದದ್ದು
ಎದುರು ಗೋಡೆಯ ಗಡಿಯಾರ ಮಾತ್ರ.

ನಾನು ಪುಸ್ತಕದ ಮಾತು ಆಡುತ್ತಿದ್ದೆ:
ಸೊಂಟದಿಂದ ಬಾಗಬೇಡಿ, ಮೊಣಕಾಲು ಮಡಿಸಿ,
ಹೊಕ್ಕುಳನ್ನು ಬೆನ್ನಿನ ಕಡೆ ಕರೆಯಿರಿ.
"ಕರೆದೆ," ಅಂದಳು ಸಬೇಲಾ, "ಬರಲೊಲ್ಲದು.
ನಡುವೆ ನಾಲ್ಕು ಹೆರಿಗೆಯ ದಾರಿ ಇದೆ."
ದೋರಿಂದಾ ನಗಲಿಲ್ಲ:
"ನೀರಲ್ಲಿ ಮೊಣಕಾಲು ಮಡಿಸಿದರೆ
ಬೂಟಿನೊಳಗೆ ಸಮುದ್ರ ನುಗ್ಗುತ್ತದೆ, ಹುಡುಗಿ."
ನನ್ನ ಪುಸ್ತಕದಲ್ಲಿ ನೀರು ಇರಲಿಲ್ಲ.

ಆ ಗುರುವಾರ ಅವರ ಜೊತೆ ಇಳಿದೆ.
ಕಾಲು ಗಂಟೆಗೆ ಹಳೇ ನೋವು ಎದ್ದು ಕೂತಿತು,
ಬಾಡಿಗೆ ಕೇಳಲು ಬಂದ ಮನೆ ಮಾಲೀಕನ ಹಾಗೆ.
ಒಬ್ದುಲಿಯಾ ಒಂದು ಚಿಪ್ಪನ್ನು ಅಳತೆಯ ಉಂಗುರದಲ್ಲಿ ತೂರಿಸಿ ನೋಡಿ,
ಚಿಕ್ಕದೆಂದು ಮರಳಿ ನೀರಿಗೆ ಬಿಟ್ಟಳು:
"ಇದಕ್ಕೆ ಇನ್ನೊಂದು ವರ್ಷ ಬೇಕು."
ನನ್ನನ್ನು ನೋಡಿ ಹೇಳಿದಳೋ, ಚಿಪ್ಪನ್ನೋ.

ಈಗ ಕ್ಲಾಸಿನಲ್ಲಿ ಎಲ್ಲರ ಕೈಗೂ ಕಸಬರಿಕೆ ಕೊಡುತ್ತೇನೆ.
ಎಳೆಯುವಾಗ ಉಸಿರು ಹೊರಗೆ;
ಪಕ್ಕೆಲುಬು ಕೊಡೆಯಂತೆ ಮುಚ್ಚಿಕೊಳ್ಳಲಿ.
ಹತ್ತು ಎಳೆತಕ್ಕೊಮ್ಮೆ ಕೈ ಬದಲಿಸಿ.
ಬಕೆಟ್ ಎತ್ತುವ ಮುನ್ನ ನಿಮ್ಮ ಪಾದವನ್ನು ಹುಡುಕಿ,
ಕೆಸರಿನಲ್ಲಿದ್ದರೂ ಅದು ನಿಮ್ಮದೇ.
ಕೊನೆಗೆ ಶವಾಸನ. ಆ ಹೆಸರಿನ ಅರ್ಥ ಹೇಳಿದ ದಿನ
ಮೂವರು ಎದ್ದು ಕೂತು ಶಿಲುಬೆಯ ಗುರುತು ಹಾಕಿಕೊಂಡರು.
ಅಂದಿನಿಂದ ಅದು ಚಿಪ್ಪಾಸನ:
ಬಾಯಿ ಮುಚ್ಚಿ, ಮರಳಲ್ಲಿ, ಉಬ್ಬರಕ್ಕೆ ಕಾಯುವುದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಸರಿ.
ಗಿಡವಾಗಿಯೇ ಬಗ್ಗಿದ್ದರೆ?
ನೆಟ್ಟಗಾಗುತ್ತದೆ ಎಂದು ಅವಳಿಗೆ ಸುಳ್ಳು ಹೇಳಲಿಲ್ಲ.
ಟವೆಲ್ ಮಾತ್ರ ಎಣಿಸುತ್ತಾ ಬಂದೆವು:
ಈಸ್ಟರಿಗೆ ನಾಲ್ಕು, ಬೇಸಿಗೆಗೆ ಮೂರು,
ನವೆಂಬರಿನ ಗಾಳಿ ಶುರುವಾದಾಗ ಒಂದು.

ನಿನ್ನೆ ಅದನ್ನೂ ತೆಗೆ ಎಂದಳು. ತೆಗೆದೆ.
ತಲೆಗೂ ನೆಲಕ್ಕೂ ನಡುವೆ ಬೆರಳು ಹಿಡಿಸುವಷ್ಟು ಸಂದಿ.
ಉಳಿದ ಎಂಟು ಜನ ಉಸಿರು ಬಿಡುವುದನ್ನೇ ಮರೆತರು.
ಟವೆಲ್ ಮತ್ತೆ ಇಡಲು ಹೋದರೆ ಕೈ ತಡೆದಳು,
ಕಣ್ಣು ಮೇಲೆಲ್ಲೋ.

"ಅಲ್ನೋಡು, ಸೂರು ಬಿರುಕು ಬಿಟ್ಟಿದೆ.
ಇಷ್ಟು ದಿನ ಮಲಗಿದ್ದೀರಲ್ಲ ನೀವೆಲ್ಲ,
ಒಬ್ಬರಾದರೂ ಹೇಳಬಾರದೇ?"