ಕೆಳಗಿನ ಅಂಕೆ

ಹೊಸಂಗಡಿಯ ಸರ್ವೀಸ್ ರಸ್ತೆಯಲ್ಲಿ ನನ್ನ ಪಂಕ್ಚರ್ ಅಂಗಡಿ.
ಕಾರಿಗೆ ಮೂವತ್ತೆರಡು,
ಲಾರಿಗೆ ನೂರಹತ್ತು.
ಇಷ್ಟು ಗೊತ್ತಿದ್ದರೆ ಗಂಜಿಗೆ ತೊಂದರೆಯಿಲ್ಲ.

ಹಾಗಾಗಿ, ತೋಳಿನ ಪಟ್ಟಿ ಬಿಚ್ಚುತ್ತ
ಪ್ರಸೀತಾ ಸಿಸ್ಟರ್ ‘ನೂರ ಐವತ್ತೆಂಟು’ ಅಂದಾಗ
ಬೆಂಚಿನಿಂದ ಎದ್ದೇ ಬಿಟ್ಟೆ:
ಎಂತ ಸಿಸ್ಟರ್, ಅಷ್ಟು ಹೊಡೆದರೆ ಟಿಪ್ಪರೂ ಹಾರಿ ಹೋಗುತ್ತದೆ!

ಅವಳು ನಗಲಿಲ್ಲ. ಇದು ಪೌಂಡಲ್ಲ, ಪಾದರಸದ ಲೆಕ್ಕ, ಅಂದಳು.
ಪಯ್ಯನ್ನೂರಿನ ಹುಡುಗಿ, ಬಂದು ಎರಡು ವರ್ಷ.
ಕನ್ನಡವನ್ನು ಬಿಸಿ ಪಾತ್ರೆಯ ಹಾಗೆ
ಅಂಚಿನಲ್ಲಿ ಹಿಡಿಯುತ್ತಾಳೆ,
ಚೆಲ್ಲುವುದಿಲ್ಲ.

ಕೊಟ್ಟ ಪುಸ್ತಕ ಪೂರಾ ಮಲಯಾಳ.
ಮಡಚಿಟ್ಟ ಟ್ಯೂಬುಗಳಂತೆ ಉರುಟುರುಟು ಅಕ್ಷರ,
ನನಗೆ ಬಾರದು.
ಅಂಕೆ ಮಾತ್ರ ಎಲ್ಲರದ್ದು:
ಮೇಲೆ 158, ನಡುವೆ ಗೆರೆ, ಕೆಳಗೆ 96.

ಟೈರಿಗೆ ಒಂದೇ ಅಂಕೆ, ಮನುಷ್ಯನಿಗೆ ಯಾಕೆ ಎರಡು?

ಅವಳು ಮುಷ್ಟಿ ಬಿಗಿದಳು.
ಹೃದಯ ಹೀಗೆ ಹಿಂಡುವಾಗ
ರಕ್ತ ಕೊಳವೆಯ ಗೋಡೆಗೆ ಒತ್ತುತ್ತದಲ್ಲ, ಅದು ಮೇಲಿನದು.
ಮುಷ್ಟಿ ಬಿಟ್ಟಳು.
ಹೀಗೆ ಸಡಿಲವಾಗಿ, ಇನ್ನೊಂದು ಬಡಿತಕ್ಕೆ ಮುಂಚೆ
ಸುಮ್ಮನೆ ಇರುವಾಗಿನದು ಕೆಳಗಿನದು.
ನೂರಿಪ್ಪತ್ತು, ಎಂಬತ್ತರ ಒಳಗಿದ್ದರೆ ಚೆಂದ.
ನೂರನಲವತ್ತು, ತೊಂಬತ್ತು,
ಎರಡರಲ್ಲಿ ಒಂದನ್ನು ಮತ್ತೆ ಮತ್ತೆ ದಾಟಿದರೂ ಮದ್ದು ಬೇಕಾದೀತು.
ಒಂದೇ ದಿನ ನೋಡಿ ಹೇಳಲಿಕ್ಕಾಗುವುದಿಲ್ಲ, ಬುಧವಾರ ಬನ್ನಿ.

ಅಂದರೆ ಸಿಸ್ಟರ್,
ಸುಮ್ಮನೆ ಇರುವಾಗಲೂ ನನ್ನದು ತೊಂಬತ್ತಾರಾ?

ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಆ ರಾತ್ರಿ ಮೇಲಿನದು ನನ್ನನ್ನು ಕಾಡಲಿಲ್ಲ.
ಕೆಲಸದ ಹೊತ್ತಿಗೆ ಒತ್ತಡ ಇರುವುದೇ.
ಆದರೆ ಕೆಳಗಿನದು?
ಕಮಲಾಕ್ಷಿಯ ಮಗ್ಗುಲಲ್ಲಿ, ಫ್ಯಾನಿನ ಕೆಳಗೆ,
ಯಾರೂ ಕರೆಯದ ಹೊತ್ತಿನಲ್ಲಿ
ಕಟ್‌ಆಫ್ ಕೆಟ್ಟ ಕಂಪ್ರೆಸರಿನ ಹಾಗೆ
ಒಳಗೆ ಯಾವುದು ಓಡುತ್ತಿತ್ತು?
ಷಟ್ಪಥ ಗೋಡೆಯಾಗಿ ಎದ್ದು
ಗಾಡಿಗಳೆಲ್ಲ ತಲೆಯ ಮೇಲಿಂದ ಹೋಗುವುದು ಶುರುವಾದ ಮೇಲೋ,
ಅದಕ್ಕೂ ಮುಂಚಿನಿಂದಲೋ?

ತಲೆನೋವಿಲ್ಲ. ಕಣ್ಣು ಕತ್ತಲೆ ಇಲ್ಲ.
ನನಗೆ ಇದರಲ್ಲಿ ಆಶ್ಚರ್ಯವಿರಬಾರದಿತ್ತು.
ಗಾಳಿ ಇಳಿದ ಚಕ್ರ ತಾನೇ ಹೇಳುತ್ತದೆ, ಚಪ್ಪಟೆಯಾಗಿ ಕೂತು.
ಹೆಚ್ಚಾದದ್ದು ಹೇಳುವುದಿಲ್ಲ,
ಮದುಮಗನ ಹಾಗೆ ಸೆಟೆದು ನಿಲ್ಲುತ್ತದೆ,
ನಡುವಿನ ಪಟ್ಟಿಯೊಂದೇ ಸವೆಯುತ್ತ.
ಲೇತಿನ ಕುಂಞಿಕಣ್ಣ ಅನ್ನುತ್ತಿದ್ದ, ‘ನನಗೆಂತದೂ ಇಲ್ಲ ಮಾರಾಯ.’
ಏಪ್ರಿಲಿನ ಒಂದು ಮಧ್ಯಾಹ್ನ
ಬಾಯಿಯ ಅರ್ಧ ಕೆಳಗೆ ಇಳಿಯಿತು.
ಈಗ ಎಡಗೈಯಲ್ಲಿ ತೋರಿಸಿ ಚಾ ಕೇಳುತ್ತಾನೆ.

ಬುಧವಾರ ಓಡಿಕೊಂಡು ಹೋದೆ.
ಬಾಯಲ್ಲಿ ಬೀಡಿ ವಾಸನೆ, ಕೈಯಲ್ಲಿ ಗ್ರೀಸು,
ಬಾಕಿ ಕೊಡದ ಜೀಪಿನವನ ಮೇಲಿನ ಸಿಟ್ಟು.
ತೋಳು ಚಾಚಿದೆ, ಬೇಗ ನೋಡಿ ಸಿಸ್ಟರ್.
‘ಓಡಿ ಬಂದ ಟೈರಿನ ಗಾಳಿ ನೀವು ನೋಡುತ್ತೀರಾ?’

ಮೂವತ್ತು ವರ್ಷದಿಂದ ಇದನ್ನೇ ನಾನು ಡ್ರೈವರುಗಳಿಗೆ ಹೇಳಿದ್ದು.
ಆರಲಿ, ಆಮೇಲೆ ಮೀಟರು.

ಅರ್ಧ ಗಂಟೆ ಹೊರಗೆ ಕೂರಿಸಿ ಒಳಗೆ ಕರೆದಳು.
ಬೆನ್ನು ಕುರ್ಚಿಗೆ. ಕಾಲ ಮೇಲೆ ಕಾಲು ಬೇಡ.
ಕೈ ಮೇಜಿನ ಮೇಲೆ, ಎದೆಯ ಎತ್ತರಕ್ಕೆ.
ಐದು ನಿಮಿಷ ಮಾತಿಲ್ಲ.
ಎರಡನೆಯ ನಿಮಿಷಕ್ಕೆ ಗಡಿಯಾರದ ಸದ್ದು ಕೇಳಿತು.
ನಾಲ್ಕನೆಯದಕ್ಕೆ, ದೂರದಲ್ಲಿ,
ಮೀನಿನವನ ಹಾರ್ನ್.
146, ಗೆರೆ, 94.
ಮುಂದಿನ ವಾರವೂ ಹೆಚ್ಚುಕಡಿಮೆ ಅಷ್ಟೇ.
ಡಾಕ್ಟರು ಒಂದು ಮಾತ್ರೆ ಬರೆದರು.
ಅಂಕೆ ಇಳಿದರೂ ನೀವಾಗಿ ನಿಲ್ಲಿಸಬಾರದು, ಇಳಿಸಿದ್ದೇ ಅದು.
ಕಮಲಾಕ್ಷಿ ಒಣಮೀನಿನ ಡಬ್ಬ ಎಲ್ಲಿಟ್ಟಳೋ
ನಾನು ಹುಡುಕಿಲ್ಲ ಎಂದರೆ ಸುಳ್ಳಾಗುತ್ತದೆ.

ನಿನ್ನೆ ಸೇಲಂ ಲಾರಿಯೊಂದು ನಿಂತಿತು.
ಟೈರು ಮುಟ್ಟಿದರೆ ಕಾವಲಿ.
ಇಳಿದವನೇ ಅರಚಾಡಿದ, ನೋಡು, ಬೇಗ ನೋಡು.
ಸ್ಟೂಲು ತೋರಿಸಿದೆ.
ಬೆನ್ನನ್ನು ಗೋಡೆಗೆ ಆನಿಸುವುದು ಹೇಗೆಂದು ಕೂತು ತೋರಿಸಿದೆ,
ಎರಡೂ ಕಾಲು ನೆಲಕ್ಕೆ.
ಹುಚ್ಚನನ್ನು ನೋಡುವ ಹಾಗೆ ನೋಡಿ ಕೂತ.
ಅವನ ಮಾತು ನನಗೆ ಬಾರದು, ನನ್ನದು ಅವನಿಗೆ.
ಸುಮ್ಮನಿರಲಿಕ್ಕೆ ಅದೊಂದು ಅನುಕೂಲವೇ ಆಯಿತು.